ಕೈ ಸ್ಪರ್ಶದ ಭಯಕ್ಕೆ ನೇರ ಉತ್ತರ ಕೊಡಿ

ಮಾನ್ಯ ಸಂಪಾದಕರೇ,

ಸರ್ಕಾರಿ ಆಸ್ಪತ್ರೆಯ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ (ಐಸಿಟಿಸಿ) ಆಪ್ತ ಸಮಾಲೋಚಕನಾಗಿದ್ದವನು ನಾನು. ಎಚ್‌ಐವಿ ಪರೀಕ್ಷೆಗೆ ಬರುತ್ತಿದ್ದ ಯುವಕರಲ್ಲಿ ಎಷ್ಟೋ ಮಂದಿ ಸಂಭೋಗವನ್ನೇ ನಡೆಸಿರುತ್ತಿರಲಿಲ್ಲ. ಕೈಯಿಂದ ಇನ್ನೊಬ್ಬರ ಜನನಾಂಗ ಮುಟ್ಟಿದ್ದರು, ಇಲ್ಲವೇ ಮುಟ್ಟಿಸಿಕೊಂಡಿದ್ದರು, ಅಷ್ಟೇ. ಉಗುರಿನ ಪಕ್ಕದ ಸಿಗುರನ್ನು ತೋರಿಸಿ, ‘ಸರ್, ವೈರಸ್ ಇಲ್ಲಿಂದ ಒಳಗೆ ಹೋಗಿರಬಹುದೇ?’ ಎನ್ನುತ್ತಿದ್ದರು. ವರದಿ ನೆಗೆಟಿವ್ ಬಂದರೆ ಅದನ್ನು ನಂಬದೆ ಖಾಸಗಿ ಲ್ಯಾಬಿಗೆ ಓಡುತ್ತಿದ್ದರು.

ಕೈ ಸ್ಪರ್ಶದಿಂದ ಎಚ್‌ಐವಿ ಬರುವುದಿಲ್ಲ. ವೀರ್ಯವೋ ಯೋನಿಸ್ರಾವವೋ ಬೆರಳಿಗೆ ತಾಗಿದರೂ ಚರ್ಮವನ್ನು ದಾಟಿ ಒಳಹೋಗುವ ಶಕ್ತಿ ಆ ವೈರಸ್ಸಿಗಿಲ್ಲ. ದೇಹದ ಹೊರಗೆ ಅದು ಬೇಗನೆ ದುರ್ಬಲವಾಗುತ್ತದೆ. ಉಳಿದ ಲೈಂಗಿಕ ಸೋಂಕುಗಳ ವಿಷಯದಲ್ಲಿ ಇಷ್ಟು ಖಂಡಿತವಾಗಿ ಹೇಳಲಾಗದು. ಹರ್ಪಿಸ್ ಗುಳ್ಳೆಯನ್ನೋ ಸಿಫಿಲಿಸ್ ಹುಣ್ಣನ್ನೋ ನೇರವಾಗಿ ಮುಟ್ಟಿದರೆ ಸೋಂಕು ತಗಲಬಹುದು, ಗೊನೋರಿಯಾದ ಸ್ರಾವ ಅಂಟಿದ ಕೈಯಿಂದ ಕಣ್ಣುಜ್ಜಿಕೊಂಡರೆ ಕಣ್ಣು ಕೆಡಬಹುದು. ಜನನಾಂಗದಲ್ಲಿ ನರುಲಿ ಮೂಡಿಸುವ ಎಚ್‌ಪಿವಿ ವೈರಸ್ ಬೆರಳಿನ ಮೂಲಕ ಹರಡುವುದು ಅಪರೂಪ. ತಮಾಷೆಯೆಂದರೆ, ಚರ್ಮಕ್ಕೆ ಚರ್ಮ ತಾಗಿದರೆ ಸುಲಭವಾಗಿ ಅಂಟುವುದು ಕಜ್ಜಿ. ಅದಕ್ಕೆ ಹೆದರಿ ಬಂದವರನ್ನು ನಾನು ಕಾಣಲಿಲ್ಲ.

ಇದನ್ನು ತಮಗೆ ಬರೆಯಲು ಕಾರಣವಿದೆ. ಪ್ರತಿ ಡಿಸೆಂಬರ್ 1ರಂದು ಪತ್ರಿಕೆಗಳು ಏಡ್ಸ್ ಕುರಿತ ಲೇಖನ ಪ್ರಕಟಿಸುತ್ತವೆ. ಕೈಕುಲುಕಿದರೆ, ಜೊತೆಯಲ್ಲಿ ಉಂಡರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ, ‘ಅಸುರಕ್ಷಿತ ಲೈಂಗಿಕ ಸಂಪರ್ಕ’ದಿಂದ ಬರುತ್ತದೆ ಎಂದು ಅವು ಹೇಳುತ್ತವೆ. ಇವೆರಡರ ನಡುವೆ ನಡೆಯುವುದನ್ನು ಬಾಯಿಬಿಟ್ಟು ಹೇಳಲು ಸಂಕೋಚ. ಹುಡುಗರು ತಿಳಿಯಲು ತವಕಿಸುವುದು ಅದನ್ನೇ. ಆ ಸಂಕೋಚದ ಲಾಭ ಪಡೆಯುವವರು ವರ್ಗೀಕೃತ ಜಾಹೀರಾತಿನ ‘ಗುಪ್ತರೋಗ ತಜ್ಞರು’. ಯಾವ ಸೋಂಕೂ ಇಲ್ಲದ ಹುಡುಗನಿಂದ ಸಾವಿರಗಟ್ಟಲೆ ವಸೂಲು ಮಾಡಿ ಪುಡಿಯ ಪೊಟ್ಟಣ ಕೊಟ್ಟು ಕಳುಹಿಸಿದ್ದನ್ನು ಕಂಡಿದ್ದೇನೆ. ಲೈಂಗಿಕ ರೋಗಗಳನ್ನು ವಾಸಿ ಮಾಡುವುದಾಗಿ ಔಷಧದ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. ಪ್ರಕಟಣೆಯಲ್ಲಿ ಪಾಲ್ಗೊಳ್ಳುವವರಿಗೂ ಅದು ಅನ್ವಯಿಸುತ್ತದೆ, ಅಂದರೆ ಪತ್ರಿಕೆಗಳಿಗೂ.

ಹುಣ್ಣು, ಸ್ರಾವ, ಉರಿಮೂತ್ರ ಇದ್ದವರು ಸರ್ಕಾರಿ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ನೀಡುವ ಸುರಕ್ಷಾ ಕ್ಲಿನಿಕ್‌ಗೆ ಹೋಗಬೇಕು. ಕಾಂಡೋಮ್ ಇಲ್ಲದೆ ಸಂಭೋಗ ನಡೆದಿದ್ದರೆ 72 ಗಂಟೆಯೊಳಗೆ ವೈದ್ಯರನ್ನು ಕಾಣಬೇಕು, ಎಚ್‌ಐವಿ ತಡೆಯುವ ಮಾತ್ರೆಯನ್ನು ಅಷ್ಟರಲ್ಲೇ ಆರಂಭಿಸಬೇಕಾಗುತ್ತದೆ. ಐಸಿಟಿಸಿಯಲ್ಲಿ ಪರೀಕ್ಷೆ ಉಚಿತ. ಫಲಿತಾಂಶ ಗುಟ್ಟಾಗಿರುವುದಕ್ಕೆ 2017ರ ಎಚ್‌ಐವಿ ಕಾಯ್ದೆಯ ರಕ್ಷಣೆಯಿದೆ. ಬರೀ ಕೈ ಸ್ಪರ್ಶವಾಗಿದ್ದು, ನೆಗೆಟಿವ್ ಬಂದ ಮೇಲೂ ನಿದ್ದೆ ಬಾರದವರಿಗೆ ಬೇಕಾದುದು ಮತ್ತೊಂದು ರಕ್ತ ಪರೀಕ್ಷೆಯಲ್ಲ. ಅವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲಿ.

ತಮ್ಮ ವೈದ್ಯಕೀಯ ಅಂಕಣದಲ್ಲಿ ಈ ಪ್ರಶ್ನೆಯನ್ನು ಸುತ್ತುಬಳಸದೆ ಎತ್ತಿಕೊಳ್ಳಬೇಕು, ಗುಪ್ತರೋಗದ ಜಾಹೀರಾತುಗಳನ್ನು ಕೈಬಿಟ್ಟು ಆ ಜಾಗದಲ್ಲಿ ಉಚಿತ ಏಡ್ಸ್ ಸಹಾಯವಾಣಿ 1097ನ್ನು ಅಚ್ಚು ಹಾಕಬೇಕು ಎಂದು ಕೋರುತ್ತೇನೆ.

— ನಿವೃತ್ತ ಆಪ್ತ ಸಮಾಲೋಚಕ, ಹಾವೇರಿ ಜಿಲ್ಲೆ