ನೋವು ಬರಲೆಂದು ಕಾಯಬೇಡ, ಮಗಳೇ

ಗದಗ

ಚಿ. ಸೌ. ವಿದ್ಯಾಳಿಗೆ ಅವ್ವನ ಆಶೀರ್ವಾದಗಳು.

ನಿನಗೆ ಈಗ 30 ತುಂಬಿತು. 30 ದಾಟಿದ ಪ್ರತಿ ಹೆಣ್ಣುಮಗಳ ಸ್ತನಗಳನ್ನು 5 ವರ್ಷಕ್ಕೊಮ್ಮೆ ತರಬೇತಿ ಪಡೆದವರು ಮುಟ್ಟಿ ಪರೀಕ್ಷಿಸಬೇಕೆಂದು ಸರ್ಕಾರದ ಕ್ಯಾನ್ಸರ್ ತಪಾಸಣಾ ಕಾರ್ಯಕ್ರಮವೇ ಹೇಳುತ್ತದೆ. ಆದ್ದರಿಂದ ನಿಮ್ಮ ಓಣಿಯ ಆಶಾ ಕಾರ್ಯಕರ್ತೆ ತಪಾಸಣೆಗೆ ಕರೆಯಲು ಮನೆಗೆ ಬಂದಾಗ, ನನಗೇನಾಗಿದೆ ಎಂದು ಆಕೆಯನ್ನು ಬಾಗಿಲಿನಿಂದಲೇ ಕಳಿಸಬೇಡ.

ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದಷ್ಟು ಕಾಲವೂ ನಾನು ಕೇಳಿದ ಮಾತು ಒಂದೇ: "ಗಂಟು ಐತ್ರಿ ಅಕ್ಕಾರ, ಆದ್ರ ನೋವಿಲ್ಲ ಬಿಡ್ರಿ." ಸ್ತನ ಕ್ಯಾನ್ಸರಿನ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದೇ ಇಲ್ಲ. ಆ ಸಮಾಧಾನದಲ್ಲಿ ಸುಗ್ಗಿ ಮುಗಿಯಲಿ, ಮನೆಯ ಮದುವೆ ಮುಗಿಯಲಿ ಎಂದು ದಿನ ದೂಡಿ, ಚರ್ಮ ಒಡೆದು ಹುಣ್ಣಾದ ಮೇಲೆ ಸೆರಗು ಸರಿಸಿದ ತಾಯಂದಿರನ್ನು ನಾನು ಕಂಡಿದ್ದೇನೆ. ಗಂಟಷ್ಟೇ ಅಲ್ಲ, ತೊಟ್ಟು ಹೊಸದಾಗಿ ಒಳಗೆ ಎಳೆದುಕೊಂಡರೆ, ಅದರಿಂದ ರಕ್ತ ಒಸರಿದರೆ, ಚರ್ಮ ಕಿತ್ತಳೆಯ ಸಿಪ್ಪೆಯಂತೆ ಗುಳಿಬಿದ್ದರೆ, ಕಂಕುಳಲ್ಲಿ ಗಡ್ಡೆ ಕೈಗೆ ಹತ್ತಿದರೆ ತಡಮಾಡದೆ ತೋರಿಸು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ, ನಿಜ. ಅದನ್ನು ನಿರ್ಧರಿಸುವ ಕೆಲಸ ವೈದ್ಯರದು.

ಕೈಯಿಂದ ಮಾಡುವ ಪರೀಕ್ಷೆಯಿಂದ ಏನಾದೀತೆಂದು ನೀನು ಕೇಳಬಹುದು. ಮುಂಬಯಿಯ ಟಾಟಾ ಮೆಮೋರಿಯಲ್ ಕೇಂದ್ರದವರು ಒಂದೂವರೆ ಲಕ್ಷ ಮಹಿಳೆಯರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ದೀರ್ಘ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು 2 ವರ್ಷಕ್ಕೊಮ್ಮೆ ಪರೀಕ್ಷಿಸಿದ ಗುಂಪಿನಲ್ಲಿ, 50 ದಾಟಿದವರ ಪೈಕಿ ಈ ಕಾಯಿಲೆಯ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಗಿತ್ತು. ಆ ಕಾರ್ಯಕರ್ತೆಯರು ವೈದ್ಯರೂ ಅಲ್ಲ, ಅವರ ಕೈಯಲ್ಲಿ ಯಂತ್ರವೂ ಇರಲಿಲ್ಲ ಎಂಬುದು ನನ್ನಂಥವಳಿಗೆ ಬಹಳ ದೊಡ್ಡ ಸಂಗತಿ.

ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಸಾಮಾನ್ಯವಾಗಿ 40ರ ನಂತರದ ಮಾತು. ಚಿಕ್ಕ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಗಂಟು ಕಂಡರೆ ಮೊದಲು ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ಆದರೆ ನಿನ್ನ ದೊಡ್ಡವ್ವನಿಗೆ 42ನೇ ವಯಸ್ಸಿಗೇ ಈ ಕಾಯಿಲೆ ಬಂದದ್ದನ್ನು ವೈದ್ಯರಿಗೆ ತಪ್ಪದೆ ಹೇಳು. ರಕ್ತಸಂಬಂಧದಲ್ಲಿದ್ದರೆ ತಪಾಸಣೆಯನ್ನು ಬೇಗ ಆರಂಭಿಸಬೇಕೇ ಎಂದು ಅವರು ತೀರ್ಮಾನಿಸುತ್ತಾರೆ. ಸೂಜಿ ಚುಚ್ಚಿ ಗಂಟಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾಡಿದರೆ ರೋಗ ಹರಡುತ್ತದೆ ಎಂದು ಯಾರಾದರೂ ಹೆದರಿಸಿದರೆ ಕಿವಿಗೊಡಬೇಡ. ರೋಗ ಖಚಿತವಾಗುವುದೇ ಅದರಿಂದ.

ನಿನ್ನ ಮನೆಯಿಂದ ನವನಗರದ ಕ್ಯಾನ್ಸರ್ ಆಸ್ಪತ್ರೆಯೂ ದೂರವಿಲ್ಲ, ವಿದ್ಯಾನಗರದ ಸರ್ಕಾರಿ ವೈದ್ಯಕೀಯ ಆಸ್ಪತ್ರೆಯೂ ದೂರವಿಲ್ಲ. ನಾನು ಮ್ಯಾಮೊಗ್ರಾಂ ಮಾಡಿಸಿಕೊಳ್ಳಲು ಮುಂದಿನ ತಿಂಗಳು ಹುಬ್ಬಳ್ಳಿಗೆ ಬರುವವಳಿದ್ದೇನೆ; ಅಂದೇ ನಿನ್ನ ಪರೀಕ್ಷೆಯೂ ಆಗಲಿ. ಒಂದು ದಿನದ ರಜೆ ಹಾಕಿಡು, ಅಳಿಯಂದಿರಿಗೂ ಈ ಪತ್ರ ಓದಲು ಕೊಡು.

ನಿನ್ನ ಅವ್ವ