ಮೊದಲು ಕಾರ್ಬನ್, ಆಮೇಲೆ ಹೈಡ್ರೋಜನ್, ಆಕ್ಸಿಜನ್ ಕೊನೇಗೆ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಸೈನ್ಸ್ ಟೆಸ್ಟಲ್ಲಿ ರಾಸಾಯನಿಕ ಸಮೀಕರಣ ಸರಿದೂಗಿಸೋ, ಅಂದ್ರೆ ಎರಡೂ ಕಡೆ ಪರಮಾಣುಗಳ ಲೆಕ್ಕ ಸಮ ಮಾಡೋ ಪ್ರಶ್ನೆ ಪೂರ್ತಿ ಬಿಟ್ಟು ಬಂದ್ಯಂತೆ, ಅಕ್ಕ ಹೇಳಿದ್ಲು. ನಿನ್ನ ನೋಟ್‌ಬುಕ್ ಫೋಟೋನೂ ನೋಡ್ದೆ, ನಂಬರ್ ಹಾಕಿ ಅಳಿಸಿ ಮತ್ತೆ ಹಾಕಿ ಅಳಿಸಿ ಪೇಪರೇ ತೂತಾಗೋ ಹಾಗಿದೆ. ಅದೃಷ್ಟ ಇದ್ರೆ ಕೂರುತ್ತೆ ಅನ್ನೋ ಆಟ ಅಲ್ಲಮ್ಮ ಇದು, ಯಾವ್ದನ್ನ ಮೊದ್ಲು ಮುಟ್ಬೇಕು ಯಾವ್ದನ್ನ ಕೊನೇಗೆ ಬಿಡ್ಬೇಕು ಅಂತ ಗೊತ್ತಾದ್ರೆ ಸಾಕು.

ಅದಕ್ಕೂ ಮುಂಚೆ ಒಂದು ಮಾತು. ಒಂದು ಕಡೆ ಆಕ್ಸಿಜನ್ ಸಾಲ್ದು ಅಂತ ಎಚ್2ಓ ಇದ್ದಿದ್ದನ್ನ ಎಚ್2ಓ2 ಮಾಡಿಟ್ಟಿದೀಯ! ಲೆಕ್ಕ ಕೂತಿದೆ ನಿಜ, ಆದ್ರೆ ನೀರು ಹೋಗಿ ಹೈಡ್ರೋಜನ್ ಪೆರಾಕ್ಸೈಡ್ ಬಂತು, ಗಾಯಕ್ಕೆ ಹಾಕಿದ್ರೆ ನೊರೆ ಬರುತ್ತಲ್ಲ ಅದು. ಕೆಳಗಿನ ಚಿಕ್ಕ ಅಂಕಿ ಮುಟ್ಟಿದ್ರೆ ವಸ್ತುನೇ ಬದಲಾಗೋಗುತ್ತೆ, ನೀನು ಬರೆಯೋದೇನಿದ್ರೂ ಮುಂದಿನ ದೊಡ್ಡ ಅಂಕಿ ಮಾತ್ರ.

ಈಗ ನಮ್ಮ ಗ್ಯಾಸ್ ಏಜೆನ್ಸಿ ಉದಾಹರಣೇನೇ ತಗೋ. ಸಿಲಿಂಡರಲ್ಲಿರೋದು ಮುಖ್ಯವಾಗಿ ಪ್ರೊಪೇನ್, ಬ್ಯೂಟೇನ್. ಬ್ಯೂಟೇನ್ ಅಂದ್ರೆ ಸಿ4ಎಚ್10, ಎಡಗಡೆ ಅದು ಮತ್ತೆ ಆಕ್ಸಿಜನ್, ಉರಿದ್ರೆ ಬಲಗಡೆ ಕಾರ್ಬನ್ ಡೈಆಕ್ಸೈಡ್ (ಸಿಓ2) ಮತ್ತೆ ನೀರು. ಆಕ್ಸಿಜನ್‌ಗೆ ಕೈ ಹಾಕ್ಬೇಡ, ಎಡಗಡೆ ಅದು ಯಾರ ಜೊತೆಗೂ ಸೇರದೆ ಒಂಟಿಯಾಗಿ ನಿಂತಿದೆ, ಎಷ್ಟು ಬೇಕಾದ್ರೂ ಹಾಕ್ಕೋಬಹುದು, ಹಾಗಾಗಿ ಕೊನೇಗೆ. ಕಾರ್ಬನ್ 4 ಇದೆ ಅಂದ್ರೆ ಬಲಗಡೆ ಸಿಓ2 ಮುಂದೆ 4. ಹೈಡ್ರೋಜನ್ 10, ನೀರಿಗೆ ತಲಾ ಎರಡರಂತೆ ನೀರಿನ ಮುಂದೆ 5. ಈಗ ಬಲಗಡೆ ಆಕ್ಸಿಜನ್ ಎಣಿಸು, 8 ಮತ್ತೆ 5 ಒಟ್ಟು 13, ಎಡಗಡೆ ಅದು ಜೋಡಿಯಾಗೇ ಬರೋದ್ರಿಂದ ಆರೂವರೆ ಆಯ್ತು. ಅರ್ಧ ಬಂತು ಅಂತ ಗಾಬರಿಯಾಗಿ ಎಲ್ಲಾ ಅಳಿಸ್ತೀಯಲ್ಲ ನೀನು, ಅಲ್ಲೇ ಎಡವಟ್ಟಾಗೋದು. ಎಲ್ಲಾನೂ ಎರಡರಿಂದ ಗುಣಿಸು: 2 ಬ್ಯೂಟೇನ್, 13 ಆಕ್ಸಿಜನ್, 8 ಕಾರ್ಬನ್ ಡೈಆಕ್ಸೈಡ್, 10 ನೀರು. ಮುಗೀತು.

ಇದ್ರಿಂದ ಏನುಪಯೋಗ ಅಂತ ಕೇಳಿದ್ಯಂತೆ. 14.2 ಕೆಜಿ ಸಿಲಿಂಡರ್ ಪೂರ್ತಿ ಉರಿಯೋಕೆ ಗಾಳಿಯಿಂದ ಸುಮಾರು 51 ಕೆಜಿ ಆಕ್ಸಿಜನ್ ಬೇಕು, ಹೊರಗೆ ಬರೋದು ಹತ್ರ ಹತ್ರ 43 ಕೆಜಿ ಕಾರ್ಬನ್ ಡೈಆಕ್ಸೈಡ್, 22 ಕೆಜಿ ನೀರು! ಕೂಡಿ ನೋಡು, ಎರಡೂ ಕಡೆ 65. ಫ್ರಾನ್ಸಿನ ವಿಜ್ಞಾನಿ ಲವಾಸಿಯೆ 1789ರಲ್ಲಿ ಬರೆದಿದ್ದೂ ಇದನ್ನೇ, ಕ್ರಿಯೆಗೆ ಮುಂಚೆ ಎಷ್ಟಿತ್ತೋ ಆಮೇಲೂ ಅಷ್ಟೇ. ತಣ್ಣಗಿರೋ ಪಾತ್ರೆ ಒಲೆ ಮೇಲಿಟ್ಟ ತಕ್ಷಣ ಹೊರಗಡೆ ತೇವ ಕೂರುತ್ತಲ್ಲ, ಅದು ಈ ನೀರೇ, ಪಾತ್ರೆ ಸೋರ್ತಿದೆ ಅಂತ ಅಕ್ಕ ಬೈಕೋಬೇಕಾಗಿಲ್ಲ.

ನಿನ್ನ ಪುಸ್ತಕದಲ್ಲಿರೋ ಕಬ್ಬಿಣ ಮತ್ತೆ ಹಬೆ ಲೆಕ್ಕ ಇವತ್ತೇ ಮಾಡು, ಎಫ್ಇ3ಓ4 ಅನ್ನೋ ಕಬ್ಬಿಣದ ಆಕ್ಸೈಡ್ ಬರುತ್ತಲ್ಲ ಅದು. ಹುಷಾರು, ಅಲ್ಲಿ ಆಕ್ಸಿಜನ್ ಒಂಟಿಯಾಗಿಲ್ಲ, ನೀರೊಳಗೆ ಸೇರ್ಕೊಂಡಿದೆ, ಹಾಗಾಗಿ ಅಲ್ಲಿ ಅದರಿಂದ್ಲೇ ಶುರು ಮಾಡ್ಬೇಕು. ಮಾಡಿ ವಾಟ್ಸಾಪಲ್ಲಿ ಫೋಟೋ ಹಾಕು, ಗೋಡೌನಿಂದ ಬಂದ್ಮೇಲೆ ನೋಡ್ತೀನಿ.

ಇಂತಿ ನಿನ್ನ ಮಾವ