ಟೆನ್ಷನ್ ಮೇಲೆ ಹಾಕ್ಬೇಡ ಕಣೋ

ಪುಟ್ಟಾ,

ನಿನ್ನ ಮೆಸೇಜ್ ನೋಡ್ದೆ. ಚೆಕಪ್‌ನಲ್ಲಿ ಬಿಪಿ 152/96 ಬಂತು, ಆಫೀಸ್ ಟೆನ್ಷನ್ ಅಷ್ಟೇ ದೊಡ್ಡಮ್ಮ, ರಜಾ ಹಾಕಿದ್ರೆ ಇಳಿಯುತ್ತೆ ಅಂತ ಬರ್ದಿದೀಯ. ನಾನೂ ಹಿಂಗೇ ಅಂದ್ಕೊಂಡು ಎಷ್ಟೋ ವರ್ಷ ಕಳ್ದೆ, ತಲೆನೋವಿಲ್ಲ ಸುತ್ತಿಲ್ಲ ಏನಿಲ್ಲ, ಕೊನೆಗೆ ಕನ್ನಡಕದ ನಂಬರ್ ನೋಡ್ಸೋಕೆ ಹೋದಾಗ ಕಣ್ಣಿನ ಡಾಕ್ಟ್ರು ಕಣ್ಣೊಳಗಿನ ರಕ್ತನಾಳ ನೋಡಿ ನಿಮ್ಗೆ ಬಿಪಿ ಇದ್ಯಾ ಅಂತ ಕೇಳಿದ್ರು!

ಸಿಟ್ಟು ಬಂದ್ರೆ 'ನನ್ ಬಿಪಿ ಏರಿಸ್ಬೇಡ' ಅಂತೀವಲ್ಲ, ಅರ್ಧ ಗೊಂದಲ ಆ ಮಾತಿಂದಾನೇ. ಸಿಟ್ಟಲ್ಲಿ, ಭಯದಲ್ಲಿ, ಓಡಿದಾಗ ಎಲ್ಲರ್ಗೂ ಏರುತ್ತೆ, ಆಮೇಲೆ ಇಳಿಯುತ್ತೆ. ಸುಮ್ನೆ ಕೂತಾಗ್ಲೂ ಇಳೀದೇ ಇದ್ರೆ ಅದು ಕಾಯಿಲೆ. ಮೇಲಿನ ನಂಬರ್ ಹೃದಯ ರಕ್ತ ತಳ್ಳಿದಾಗಿನ ಒತ್ತಡ, ಕೆಳಗಿಂದು ಎರಡು ಬಡಿತದ ಮಧ್ಯೆ ಉಳಿಯೋದು. ಬೇರೆ ಬೇರೆ ದಿನ ನೋಡಿದ್ರೂ 140/90 ಮೇಲೇ ಬಂದ್ರೆ ಬಿಪಿ ಇದೆ ಅಂತಾನೇ ಲೆಕ್ಕ.

100ರಲ್ಲಿ 90 ಜನಕ್ಕೆ ಇದೇ ಕಾರಣ ಅಂತ ಬೆರಳಿಟ್ಟು ತೋರ್ಸೋಕೆ ಆಗಲ್ಲ, ಅಪ್ಪ ಅಮ್ಮನಿಂದ ಬಂದಿದ್ದು, ವಯಸ್ಸು, ತೂಕ, ಕುಡಿತ, ಉಪ್ಪು ಎಲ್ಲ ಸೇರ್ಕೊಂಡಿರುತ್ತೆ. ಉಪ್ಪು ಜಾಸ್ತಿ ಆದ್ರೆ ದೇಹ ನೀರು ಹಿಡ್ಕೊಳುತ್ತೆ, ಅಷ್ಟೇ ನಾಳದಲ್ಲಿ ಜಾಸ್ತಿ ರಕ್ತ ಓಡ್ಬೇಕು, ಜಾಸ್ತಿಯಾದ ಉಪ್ಪನ್ನ ಹೊರಗೆ ಹಾಕೋ ಕೆಲ್ಸ ಕಿಡ್ನಿದು, ಎಲ್ಲರ ಕಿಡ್ನಿನೂ ಒಂದೇ ಥರ ಚುರುಕಿರಲ್ಲ ನೋಡು. ದಿನಕ್ಕೆ 5 ಗ್ರಾಂ ಒಳಗಿರ್ಲಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆ ಮಾತು, ಒಂದು ಟೀ ಚಮಚನೂ ಇಲ್ಲ ಅದು. ಪ್ಯಾಕೆಟ್ ತಿಂಡಿದೂ ಅದ್ರಲ್ಲೇ ಸೇರ್ತು.

ಆದ್ರೆ ನಂಗೆ ಚಿಂತೆ ಆಗಿದ್ದು ಬೇರೆ. 29ಕ್ಕೇ ಇಷ್ಟು ಬಂದ್ರೆ ಹಿಂದೆ ಬೇರೆ ಏನಾದ್ರೂ ಇದ್ಯಾ ಅಂತ ಹುಡುಕ್ಬೇಕು, ಕಿಡ್ನಿ ತೊಂದ್ರೆ, ಕಿಡ್ನಿಗೆ ಹೋಗೋ ನಾಳ ಕಿರಿದಾಗಿರೋದು, ಥೈರಾಯ್ಡ್, ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ. ಗೊರಕೆ ಮಧ್ಯೆ ನಿಂಗೆ ಉಸಿರು ನಿಂತಂಗಾಗುತ್ತೆ ಅಂತ ನಿನ್ ಹೆಂಡ್ತಿ ಅಂದಿದ್ಲು, ನೀನು ನಕ್ಕೆ, ಅದೂ ಒಂದು ಕಾರಣ ಕಣೋ. ಇನ್ನು ಬೆನ್ನುನೋವು ಅಂತ ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗ್ತಾನೇ ಇರ್ತೀಯಲ್ಲ, ಅವೂ ಉಪ್ಪು ನೀರು ಒಳಗೇ ಉಳ್ಸಿ ಬಿಪಿ ಏರಿಸ್ತವೆ. ಇದನ್ನ ಯಾರೂ ಕೇಳಲ್ಲ, ನೀನೂ ಹೇಳಲ್ಲ.

ಒಂದು ಸಲದ ನಂಬರ್ ನಂಬ್ಕೊಂಡು ಹೆದರೋದೂ ಬೇಡ, ಡಾಕ್ಟ್ರ ಮುಂದೆ ಕೂತ್ರೇನೇ ಏರೋರು ಇದಾರೆ. ಮನೇಲಿ ಒಂದು ವಾರ ಬೆಳಗ್ಗೆ ಸಂಜೆ ನೋಡ್ಕೋ. ಅರ್ಧ ಗಂಟೆ ಮುಂಚೆ ಕಾಫಿ ಸಿಗರೇಟ್ ಬೇಡ, ಬಾತ್‌ರೂಮಿಗೆ ಹೋಗ್ಬಂದು 5 ನಿಮಿಷ ಬೆನ್ನು ಒರಗಿಸಿ ಸುಮ್ನೆ ಕೂರು, ಬಿಪಿ ಮಷೀನ್ ಪಟ್ಟಿ ಕಟ್ಟಿದ ತೋಳು ಎದೆ ಮಟ್ಟಕ್ಕೆ ಟೇಬಲ್ ಮೇಲಿರ್ಲಿ, ಫೋನಲ್ಲಿ ಮಾತಾಡ್ಬೇಡ. ಮನೇಲಿ ಸರಾಸರಿ 135/85 ದಾಟಿದ್ರೂ ಜಾಸ್ತಿನೇ. ಎಲ್ಲ ಚೀಟೀಲಿ ಬರ್ಕೊಂಡು ಡಾಕ್ಟ್ರ ಹತ್ರ ಹೋಗು, ನೋವಿನ ಮಾತ್ರೆ ಹೆಸ್ರೂ ಗೊರಕೆ ವಿಷ್ಯಾನೂ ಅದ್ರಲ್ಲಿರ್ಲಿ. ಹೋಗೋಕ್ ಮುಂಚೆ ಆ ಚೀಟಿ ಫೋಟೋ ನಂಗೂ ಕಳ್ಸು.

ನಿನ್ನ ದೊಡ್ಡಮ್ಮ